ಹನ್ನೆರಡನೆಯ ಬಿಲ್ಲೆ

೧೯೮೪ನೆಯ ಇಸವಿ. ಹೊಸೂರಿನಲ್ಲಿ ವಾಹನಗಳ ಗೇರ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಟೈಮ್ ಆಫೀಸಿನ ಮೇಲ್ವಿಚಾರಕನಾಗಿದ್ದೆ. ಗೇಟಿನ ಪಕ್ಕದ ಆ ಸಣ್ಣ ಕೋಣೆಯ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂಬುದನ್ನು ಗುರುತಿಡುವುದು ಅದರ ಕೆಲಸ. ಪ್ರತಿ ಕಾರ್ಮಿಕನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಟೋಕನ್ ಇರುತ್ತಿತ್ತು. ನಮ್ಮ ಕಡೆಯ ಜನ ಅದನ್ನು ಬಿಲ್ಲೆ ಎನ್ನುತ್ತಿದ್ದರು. ಒಳಗೆ ಬಂದವನು ತನ್ನ ಬಿಲ್ಲೆಯನ್ನು ಬೋರ್ಡಿನಲ್ಲಿ ತನ್ನ ನಂಬರಿನ ಮೊಳೆಗೆ ತೂಗುಹಾಕಬೇಕು. ಪಾಳಿ ಶುರುವಾಗಿ ಹತ್ತು ನಿಮಿಷಕ್ಕೆ ನಾನು ಬೋರ್ಡಿಗೆ ಬೀಗ ಹಾಕುತ್ತಿದ್ದೆ. ಮೊಳೆ ಖಾಲಿ ಇದ್ದರೆ ಆಸಾಮಿ ಗೈರುಹಾಜರು.

ಇಲ್ಲಿ ನಡೆಯುವ ಮೋಸಕ್ಕೆ ಪ್ರಾಕ್ಸಿ ಎಂದು ಹೆಸರು. ಬರದವನ ಬಿಲ್ಲೆಯನ್ನು ಬಂದವನು ಹಾಕುವುದು. ಅದನ್ನು ಹಿಡಿಯುವುದರಲ್ಲಿ ನಾನು ಗಟ್ಟಿಗ. ರಾಯಕೋಟೆಯ ಹುಡುಗನಾಗಿ ಸೈನ್ಯ ಸೇರಿ, ಹದಿನೈದು ವರ್ಷ ಗುಮಾಸ್ತೆಯ ಕೆಲಸ ಮಾಡಿ, ಹವಾಲ್ದಾರನಾಗಿ ಹಿಂದಿರುಗಿದವನು. ಗೇಟಿನಲ್ಲಿ ನೋಟೀಸು ತಮಿಳಿನಲ್ಲಿ ಇರುತ್ತಿತ್ತು, ಹರಟೆ ತೆಲುಗಿನಲ್ಲಿ ನಡೆಯುತ್ತಿತ್ತು, ನನ್ನ ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ. ಹಿಂದಿನ ವರ್ಷ ಒಬ್ಬ ತನ್ನ ಅಣ್ಣನ ಬಿಲ್ಲೆ ಹಾಕಿ ಸಿಕ್ಕಿಬಿದ್ದಿದ್ದ. ಅಣ್ಣನ ಹೆಂಡತಿಗೆ ಆ ಬೆಳಿಗ್ಗೆ ಹೆರಿಗೆ ನೋವು ಬಂದಿತ್ತಂತೆ. ನಾನು ಕೇಳಲಿಲ್ಲ. ಅಣ್ಣತಮ್ಮ ಇಬ್ಬರನ್ನೂ ಮೂರು ದಿನ ಅಮಾನತು ಮಾಡಿಸಿದೆ. ಅಂದು ಸಂಜೆ ಮನೆಯಲ್ಲಿ ಹೆಂಡತಿಯ ಮುಂದೆ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೂ ನೆನಪಿದೆ.

ಆ ವರ್ಷ ಕಾರ್ಖಾನೆಯ ಮನರಂಜನಾ ಕ್ಲಬ್ಬಿನವರು ಹಿಮಾಲಯ ಚಾರಣಕ್ಕೆ ಹೋಗಬೇಕೆಂದು ಹಟ ಹಿಡಿದರು. ಗಢವಾಲದ ಕಡೆ ಇರುವ ಒಂದು ರಾಷ್ಟ್ರೀಯ ಉದ್ಯಾನ. ಎರಡೂ ಕಡೆ ಜಲಪಾತಗಳು, ಕಣಿವೆಯ ತುದಿಯಲ್ಲಿ ಹಿಮನದಿ. ನನಗೆ ಹಿಂದಿ ಬರುತ್ತಿತ್ತು, ಚಳಿಯ ಪರಿಚಯವಿತ್ತು, ಆದ್ದರಿಂದ ನಾಯಕತ್ವ ನನ್ನ ಕೊರಳಿಗೆ ಬಿತ್ತು. ಹನ್ನೊಂದು ಜನ ಕಾರ್ಮಿಕರು, ನಾನು, ಒಟ್ಟು ಹನ್ನೆರಡು.

ಹೊರಡುವ ಮೊದಲು ನಾನೊಂದು ಬುದ್ಧಿವಂತಿಕೆ ಮಾಡಿದೆ. ಬಡಗಿ ವಿಭಾಗದಲ್ಲಿ ಒಂದು ಅಡಿ ಉದ್ದದ ಹಲಗೆಗೆ ಹನ್ನೆರಡು ಮೊಳೆ ಹೊಡೆಸಿದೆ. ಎಲ್ಲರೂ ತಮ್ಮ ಬಿಲ್ಲೆಯನ್ನು ಕೊರಳಿಗೆ ಕಟ್ಟಿಕೊಂಡು ಬರಬೇಕು, ತಂಗಿದ ಕಡೆಯಲ್ಲೆಲ್ಲ ಹಲಗೆಗೆ ಹಾಕಬೇಕು, ಹನ್ನೆರಡೂ ತುಂಬಿದ ಮೇಲೆಯೇ ಮುಂದಿನ ಹೆಜ್ಜೆ. ಬೆಟ್ಟದಲ್ಲಿ ಜನ ತಪ್ಪಿಸಿಕೊಳ್ಳುವುದು ಎಣಿಕೆ ಸರಿ ಇಲ್ಲದೆ ಎಂದು ಸೈನ್ಯದಲ್ಲಿ ಕೇಳಿದ್ದೆ. ಗುಂಪಿನವರು ಬಾಯಿ ಮುಚ್ಚಿಕೊಂಡು ನಕ್ಕರು.

“ಇಮಾಲಯಕ್ಕೋದ್ರೂ ಗೇಟು ಬಿಡಾಕಿಲ್ಲ ನಮ್ ಹವಾಲ್ದಾರ್ ಸಾರು” ಎಂದವನು ತಿಮ್ಮರಾಯಪ್ಪ. ಮತ್ತಿಗಿರಿಯವನು, ಗ್ರೈಂಡಿಂಗ್ ವಿಭಾಗದಲ್ಲಿ ಕೆಲಸ, ನಗಿಸುವುದರಲ್ಲಿ ಎತ್ತಿದ ಕೈ. ಅವನ ತಂಗಿಯನ್ನು ಮದುವೆಯಾಗಿದ್ದ ಮುನಿರಾಜುವೂ ನಮ್ಮ ಗುಂಪಿನಲ್ಲಿದ್ದ. ಮುನಿರಾಜು ಸಾನಮಾವಿನ ರೈತರ ಮನೆಯವನು, ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಕಾಡಂಚಿನ ಊರಿನಲ್ಲಿ ಬೆಳೆದು ನಡಿಗೆಯಲ್ಲಿ ನಮ್ಮೆಲ್ಲರನ್ನೂ ಮೀರಿಸುತ್ತಿದ್ದ. ಮಾತು ಕಡಿಮೆ. ಅವನ ಚೀಲದಲ್ಲಿ ಬಟ್ಟೆಗಿಂತ ಜೋಪಾನವಾಗಿ ಇದ್ದದ್ದು ಒಂದು ತಾಮ್ರದ ಗಿಂಡಿ. ಗಂಗೆ ಹುಟ್ಟುವ ಕಡೆಯಿಂದಲೇ ನೀರು ತಂದುಕೊಡಬೇಕೆಂದು ಅವನ ತಾಯಿ ಕೊಟ್ಟು ಕಳಿಸಿದ್ದಳು. ಹರಿದ್ವಾರದಲ್ಲಿ ತುಂಬಿಕೋ ಎಂದು ನಾನು ಹೇಳಿದ್ದಕ್ಕೆ, “ಇಲ್ಲಿ ಊರೆಲ್ಲ ಸೇರಿ ಮಿಂದವ್ರೆ ಸಾರ್, ಅವ್ವ ಒಪ್ಪಾಕಿಲ್ಲ” ಎಂದು ಗಿಂಡಿಯನ್ನು ಮತ್ತೆ ಚೀಲಕ್ಕೆ ಸೇರಿಸಿದ್ದ.

ರೈಲು, ಬಸ್ಸು, ಮಣ್ಣು ಕುಸಿದ ರಸ್ತೆ ಎಲ್ಲ ದಾಟಿ, ಸೆಪ್ಟೆಂಬರ್ ಮೊದಲ ವಾರದಲ್ಲಿ ಹತ್ತು ಸಾವಿರ ಅಡಿ ಎತ್ತರದ ಒಂದು ತಗಡಿನ ಛತ್ರ ತಲುಪಿದೆವು. ಅಲ್ಲಿಂದ ಹಿಮನದಿಗೆ ಆರು ಕಿಲೋಮೀಟರ್. ನಮಗೆ ದಾರಿ ತೋರಿಸಲು ಬಂದವನು ಬಚನ್ ಸಿಂಗ್ ಎಂಬ ಐವತ್ತರ ಆಳು, ಅಲ್ಲಿಯವನೇ. ಹೊರಡುವ ಬೆಳಿಗ್ಗೆ ಅವನು ಹೇಳಿದ ಎಚ್ಚರಿಕೆಗಳನ್ನು ನಾನು ಕನ್ನಡದಲ್ಲಿ ಹೇಳಿ, ನನ್ನದೊಂದನ್ನು ಸೇರಿಸಿದೆ: ಸಾಲು ಬಿಟ್ಟವನನ್ನು ಮರುದಿನವೇ ಒಬ್ಬನನ್ನೇ ಕೆಳಗೆ ಕಳಿಸಿಬಿಡುತ್ತೇನೆ, ವಾಪಸು ಬಂದ ಮೇಲೆ ಮ್ಯಾನೇಜರಿಗೆ ವರದಿಯನ್ನೂ ಕೊಡುತ್ತೇನೆ. ಈ ಮಾತನ್ನು ಬಚನ್ ಸಿಂಗ್ ಹೇಳಿರಲಿಲ್ಲ.

ಏಳೂವರೆಗೆ ಹೊರಟು ಹನ್ನೊಂದಕ್ಕೆ ಹಿಮದ ಬಳಿ ಬಂದೆವು. ದಾರಿಯುದ್ದಕ್ಕೂ ಬಂಡೆಯ ತಲೆಯಿಂದ ನೀರು ಸುರಿಯುತ್ತಿತ್ತು. ಎಣಿಸಲು ಹೋದ ತಿಮ್ಮರಾಯಪ್ಪ ಹದಿನಾಲ್ಕಕ್ಕೆ ಬಿಟ್ಟುಬಿಟ್ಟ. ಹಿಮನದಿ ಎಂದರೆ ನಮ್ಮವರು ಬೆಳ್ಳಗೆ ಹೊಳೆಯುವ ಏನನ್ನೋ ಕಲ್ಪಿಸಿಕೊಂಡಿದ್ದರು. ಕಂಡದ್ದು ಮಣ್ಣು ಮೆತ್ತಿದ, ಬೂದು ಬಣ್ಣದ, ಮೂರು ಆಳೆತ್ತರದ ಮಂಜುಗಡ್ಡೆಯ ಗೋಡೆ. ಅದರ ಬಾಯಿಂದ, ಮುಂದೆ ಗಂಗೆಯನ್ನು ಸೇರುವ ಹೊಳೆ ಹೊರಡುತ್ತಿತ್ತು. ಹೊಳೆಯ ಮೇಲೆ ಅಲ್ಲಲ್ಲಿ ಹಳೆಯ ಹಿಮ ಚಪ್ಪರದ ಹಾಗೆ ಮುಚ್ಚಿಕೊಂಡಿತ್ತು. ಮೇಲಿಂದ ನೋಡಿದರೆ ನೆಲ, ಒಳಗೆ ಪೊಳ್ಳು. ಅದರ ಅಂಚಿಗೆ ಕಾಲಿಡಬೇಡಿ ಎಂದು ಬಚನ್ ಸಿಂಗ್ ಎರಡೆರಡು ಸಲ ಹೇಳಿದ. ಮುನಿರಾಜು ಗಿಂಡಿ ಹಿಡಿದು ಬಂದು, ಬಾಯ ಹತ್ತಿರ ಹೋಗಿ ನೀರು ತುಂಬಿಕೊಳ್ಳಲೇ ಎಂದು ಕೇಳಿದ. ನಾನು ಬೇಡವೆಂದೆ. ಕೆಳಗೆ ಹೊಳೆಯಲ್ಲಿ ತುಂಬಿಕೊಳ್ಳಬಹುದು, ಅದೇ ನೀರು ತಾನೆ ಎಂದೆ. ಅವನು ತಲೆಯಾಡಿಸಿದ.

ಹನ್ನೆರಡಕ್ಕೆ ಇಳಿಯಲು ಶುರು ಮಾಡಿದೆವು. ಕಾಲು ಗಂಟೆಯಲ್ಲಿ ಮಂಜು ಕವಿದು, ಹಿಂದೆಯೇ ಮಳೆ ಬಂತು. ಸಾಲು ಚದುರಿತು. ಒಂದು ಕಿಲೋಮೀಟರ್ ಕೆಳಗೆ ಒಂದು ದೊಡ್ಡ ಬಂಡೆ ಇತ್ತು. ಹನ್ನೆರಡೂವರೆಗೆ ಅದರ ಮರೆಯಲ್ಲಿ ನಿಂತು ಹಲಗೆ ಹಿಡಿದೆ. ಕಾರ್ಖಾನೆಯಿಂದ ಕೊಟ್ಟಿದ್ದ ಒಂದೇ ಥರದ ಬೂದು ಮಳೆಕೋಟು, ಒಂದೇ ಥರದ ಟೋಪಿ. ಮಂಜಿನಿಂದ ಒಬ್ಬೊಬ್ಬರಾಗಿ ಬರುತ್ತಿದ್ದರು, ಕೋಟಿನೊಳಗಿಂದ ಕೈ ಚಾಚುತ್ತಿದ್ದರು, ಬಿಲ್ಲೆ ಹಾಕಿ ಮುಂದೆ ಹೋಗುತ್ತಿದ್ದರು. ಮಳೆ ಮುಖಕ್ಕೆ ರಾಚುತ್ತಿದ್ದುದರಿಂದ ನಾನು ತಲೆ ತಗ್ಗಿಸಿ ಹಲಗೆಯನ್ನೇ ನೋಡುತ್ತಿದ್ದೆ. ಮುಖಗಳನ್ನು ನೋಡಲಿಲ್ಲ. ಕೊನೆಗೆ ಬೆರಳಾಡಿಸಿ ಎಣಿಸಿದೆ. ಹನ್ನೆರಡು. ಬಿಲ್ಲೆಗಳನ್ನು ಹಿಂದಿರುಗಿಸದೆ ಹಲಗೆಯನ್ನು ಹಾಗೆಯೇ ಕಂಕುಳಲ್ಲಿಟ್ಟುಕೊಂಡು, ಸೀಟಿ ಊದಿ ಹೊರಡಿಸಿದೆ.

ದಾರಿಯಲ್ಲಿ ತಿಮ್ಮರಾಯಪ್ಪ ಎರಡು ಸಲ ನಿಂತು ಹಿಂದಕ್ಕೆ ನೋಡಿದ. ನಾನು ಗದರಿದೆ. ನಗಿಸುವವನು ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಎರಡು ಗಂಟೆಗೆ ಛತ್ರ ಸೇರಿದೆವು. ತೊಯ್ದವರೆಲ್ಲ ಒಳಗೆ ಮೂಲೆ ಮೂಲೆಯಲ್ಲಿ ಕಂಬಳಿ ಹೊದ್ದು ಮುದುಡಿಕೊಂಡರು. ಬಚನ್ ಸಿಂಗ್ ಒಲೆಯ ಬಳಿಯೇ ಚಹಾ ಕುಡಿಯುತ್ತಿದ್ದ. ಚಹಾ ಮಾಡುವ ಮುದುಕ ನಮಗೆ, ನನ್ನ ಮಾತಿನಂತೆ, ಹನ್ನೆರಡು ಲೋಟ ಜೋಡಿಸಿ ತಂದ. ತಟ್ಟೆಯಲ್ಲಿ ಒಂದು ಲೋಟ ಉಳಿಯಿತು.

“ಒಬ್ಬರು ಕಡಿಮೆ ಇದ್ದಾರೆ” ಎಂದ ಮುದುಕ.

“ಹೆಚ್ಚಿಗೆ ತಂದಿದ್ದೀಯ. ಬೋರ್ಡು ತುಂಬಿದೆ, ನೋಡು” ಎಂದು ಹಲಗೆಯನ್ನು ಅವನ ಮುಖಕ್ಕೆ ಹಿಡಿದೆ. ಅವನಿಗೆ ಹಲಗೆಯೂ ಅರ್ಥವಾಗಲಿಲ್ಲ, ನಾನೂ ಅರ್ಥವಾಗಲಿಲ್ಲ. ಚಹಾ ಆರಿಹೋಗುತ್ತಿತ್ತು. ಹಾಳಾಗುವುದು ಬೇಡವೆಂದು ಆ ಲೋಟವನ್ನು ನಾನೇ ಎತ್ತಿ ಕುಡಿದೆ. ಆಮೇಲೆ ಡೈರಿ ತೆಗೆದು, ಎಲ್ಲರೂ ಕ್ಷೇಮ ಎಂದು ಬರೆದು ಸಹಿ ಹಾಕಿದೆ.

ಮೂರೂವರೆಗೆ ತಿಮ್ಮರಾಯಪ್ಪ ನನ್ನ ಮುಂದೆ ಬಂದು ನಿಂತ.

“ಸಾರ್, ಮುನಿರಾಜ ಬಂದಿಲ್ಲ.”

“ಬಂದಿಲ್ಲವಾ? ಬಿಲ್ಲೆ ಇದೆಯಲ್ಲಯ್ಯ!”

“ನಾನೇ ಆಕ್ದೆ ಸಾರ್, ಮಂಜ್ನಾಗೆ ಸುತ್ಕೊಂಡು ಇನ್ನೊಂದ್ಸಲ ಬಂದು. ಗಿಂಡಿಗೆ ನೀರ್ ಇಡ್ಕೊಂಡು ಅತ್ನಿಮಿಷದಾಗೆ ಬತ್ತೀನಿ, ನನ್ ಬಿಲ್ಲೇನೂ ನೀನೇ ಆಕ್ಬುಡು ಬಾವ ಅಂದ. ಬಿರ್ರನೆ ನಡೆಯೋನು, ದಾರೀಲೆ ಸೇರ್ಕೊಂತಾನೆ ಅಂದ್ಕೊಂಡೆ. ಇಲ್ಗೆ ಬಂದ್ಮ್ಯಾಲೆ ಈಗ ಬತ್ತಾನೆ, ಇನ್ನೊಂದ್ಗಳಿಗೆಗೆ ಬತ್ತಾನೆ ಅಂತ ಕಾದೆ. ಯೇಳೋಕೆ ಬಾಯೇ ಬರ್ಲಿಲ್ಲ.”

ನಾನು ಕೈ ಎತ್ತಿದೆ, ಹೊಡೆಯಲಿಲ್ಲ ಅಷ್ಟೇ. ಅವನು ತಪ್ಪಿಸಿಕೊಳ್ಳದೆ ನಿಂತೇ ಇದ್ದ. “ನನ್ನ ಕೆಲಸ ತೆಗೀರಿ ಸಾರ್, ಏನಾರ ಮಾಡಿ. ಮೊದ್ಲು ಅವನ್ನ ಉಡುಕಿ. ನನ್ ತಂಗಿಗೆ ನಾನೇನಂತ ಯೇಳ್ಲಿ?” ಎಂದು ಅತ್ತ. ಆ ಹೊತ್ತಿನಲ್ಲಿ ಅವನಿಗೆ ಮೊದಲು ನೆನಪಾದದ್ದು ಕೆಲಸ ಹೋಗುವ ಭಯ. ಆ ಭಯ ಹುಟ್ಟಿಸಿದವನು ನಾನು.

ಬಚನ್ ಸಿಂಗ್, ತಿಮ್ಮರಾಯಪ್ಪ, ನಾನು, ಮೂವರೂ ಹಗ್ಗ, ಕಂಬಳಿ, ಟಾರ್ಚು ತೆಗೆದುಕೊಂಡು ಮೇಲೆ ಹತ್ತಿದೆವು. ಯಾತ್ರಿಕರನ್ನು ಬೆನ್ನ ಮೇಲೆ ಹೊರುವ ಬಿದಿರು ಬುಟ್ಟಿಯೊಂದನ್ನು ಬಚನ್ ಸಿಂಗ್ ತಲೆಪಟ್ಟಿಗೆ ಸಿಕ್ಕಿಸಿಕೊಂಡ. ಮಿಕ್ಕವರಿಗೆ ಛತ್ರ ಬಿಟ್ಟು ಕದಲಬಾರದೆಂದು ಹೇಳಿದೆ. ಐವತ್ತಮೂರು ವರ್ಷದ ನನ್ನ ಎದೆ ಒಡೆದುಹೋಗುತ್ತದೇನೋ ಎನ್ನಿಸುತ್ತಿತ್ತು. ನೂರು ಹೆಜ್ಜೆಗೊಮ್ಮೆ ಸೀಟಿ ಊದಿ ಕಿವಿಗೊಡುತ್ತಿದ್ದೆವು. ನೀರಿನ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ನಾವು ಬಾಯಿ ಬಿಟ್ಟು ನೋಡಿದ್ದ ಜಲಪಾತಗಳೇ ಈಗ ಅವನ ಕೂಗನ್ನು ಮುಚ್ಚಿಹಾಕುತ್ತಿರಬಹುದು ಎಂದು ಅವುಗಳ ಮೇಲೆ ಸಿಟ್ಟು ಬಂತು. ನಾನು ದೇವರಿಗೆ ಹೆಚ್ಚು ಕೈಮುಗಿಯುವವನಲ್ಲ. ಅಂದು ದಾರಿಯುದ್ದಕ್ಕೂ ಅವನ ಹೆಸರನ್ನೂ ದೇವರ ಹೆಸರನ್ನೂ ಒಟ್ಟಿಗೆ ಹೇಳಿಕೊಳ್ಳುತ್ತಾ ಹೋದೆ.

ಹಿಮದ ಬಳಿ ಬರುವಾಗ ಐದು ಮುಕ್ಕಾಲು. ಇನ್ನು ಒಂದು ಗಂಟೆಯೊಳಗೆ ಬೆಳಕು ಹೋಗುತ್ತದೆ. ಬಚನ್ ಸಿಂಗ್ ಕೋಲಿನಿಂದ ಹಿಮವನ್ನು ತಿವಿಯುತ್ತಾ ಒಂದು ಕಡೆ ಹೋದ. ಆಗ ತಿಮ್ಮರಾಯಪ್ಪ ನನ್ನ ತೋಳು ಹಿಡಿದ.

“ಇರಿ ಸಾರ್. ಕೇಳ್ರಿ.”

ನನಗೆ ಏನೂ ಕೇಳಲಿಲ್ಲ.

“ಟಣ್ ಟಣ್, ಟಣ್... ಟಣ್ ಟಣ್, ಟಣ್. ಕೇಳ್ಸಾಕಿಲ್ವಾ? ಸಾನಮಾವ್ನಾಗೆ ರಾಗಿ ಹೊಲಕ್ಕೆ ಆನೆ ಬಂದ್ರೆ ತಗಡು ಇಂಗೇ ಬಡೀತಾರೆ ಸಾರ್. ಎರಡು, ಆಮ್ಯಾಕೆ ಒಂದು. ಇವ್ನೇ, ಇವ್ನೇ!”

ತಂಗಿಯ ಗಂಡನ ಊರಿಗೆ ಹೋದಾಗ ಅಟ್ಟಣೆಯ ಮೇಲೆ ಕೂತು ತಿಮ್ಮರಾಯಪ್ಪನೂ ಹಾಗೆ ಬಡಿದಿದ್ದನಂತೆ. ಸದ್ದು ಹಿಡಿದುಕೊಂಡು ಹೋದೆವು. ಹಿಮದ ಅಂಚು ಕುಸಿದು ಒಂದು ಗುಂಡಿಯಾಗಿತ್ತು. ಒಳಗೆ, ಬಂಡೆಗೂ ಹಿಮಕ್ಕೂ ನಡುವೆ ಮುನಿರಾಜು ಸಿಕ್ಕಿಹಾಕಿಕೊಂಡಿದ್ದ. ಮೈಯೆಲ್ಲ ಬಂಡೆಯ ಮೇಲೆ ಇತ್ತು, ಬಲಗಾಲು ಮಾತ್ರ ಮಂಡಿಯವರೆಗೆ ಹಿಮದ ಗಡ್ಡೆಯಡಿ, ಹರಿಯುವ ನೀರಿನಲ್ಲಿ. ಕೂಗಿ ಕೂಗಿ ದನಿ ಬತ್ತಿತ್ತು. ಕಣ್ಣು ಮುಚ್ಚಿದ್ದ. ಕೈ ಮಾತ್ರ ತಾನಾಗಿ ಗಿಂಡಿಯನ್ನು ಕಲ್ಲಿಗೆ ಬಡಿಯುತ್ತಲೇ ಇತ್ತು. ನಾವು ಬಂದದ್ದು ಗೊತ್ತಾದ ಮೇಲೂ ಬಡಿಯುತ್ತಿತ್ತು; ತಿಮ್ಮರಾಯಪ್ಪ ಹಗ್ಗ ಹಿಡಿದು ಇಳಿದು, ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

“ಬಂದೆ ಕಣ್ಲಾ. ಬಂದೆ. ನಿಲ್ಸು” ಎಂದ.

ಕಾಲು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಮೊಣಕಾಲಿನ ಕೆಳಗೆ ಮೂಳೆ ಮುರಿದು ಚರ್ಮ ಸೀಳಿತ್ತು. ರಕ್ತ ಬರುತ್ತಿರಲಿಲ್ಲ, ಪಾದ ಮೇಣದ ಬಣ್ಣಕ್ಕೆ ತಿರುಗಿತ್ತು. ಹಿಮ ತಾಗಿ ಸತ್ತ ಕಾಲಿನ ಅಂಥ ಬಣ್ಣವನ್ನು ಸೈನ್ಯದಲ್ಲಿ ನೋಡಿದ್ದೆ; ತಿಮ್ಮರಾಯಪ್ಪನಿಗೆ ಕಾಣದಂತೆ ಕಂಬಳಿ ಸುತ್ತಿದೆ. ಬಚನ್ ಸಿಂಗ್ ಅವನನ್ನು ಬುಟ್ಟಿಯಲ್ಲಿ ಕೂರಿಸಿ, ಎಲ್ಲೂ ಇಳಿಸದೆ ಛತ್ರದವರೆಗೆ ಹೊತ್ತು ತಂದ. ಮರುದಿನ ಕೆಳಗಿನ ರಸ್ತೆಗೆ, ಅಲ್ಲಿಂದ ಜೀಪಿನಲ್ಲಿ ಆಸ್ಪತ್ರೆಗೆ. ಅದರ ಮರುದಿನ ಬಯಲಿನ ದೊಡ್ಡ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಒಳ್ಳೆಯವರು. ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು: “ಎರಡು ಗಂಟೆ ಮೊದಲು ಹೊರಗೆ ತೆಗೆದಿದ್ದರೆ ಪಾದ ಉಳಿಸಿಕೊಳ್ಳಲು ಪ್ರಯತ್ನ ಮಾಡಬಹುದಿತ್ತು. ಉಳಿಯುತ್ತಿತ್ತು ಎಂದು ಹೇಳಲಾರೆ.” ನಾನು ಲೆಕ್ಕ ಹಾಕಿದೆ. ಬಂಡೆಯ ಬಳಿ ನಾನು ತಲೆಯೆತ್ತಿ ಮುಖ ನೋಡಿದ್ದರೆ ಅರ್ಧ ಗಂಟೆಯಲ್ಲಿ ಅವನ ಹತ್ತಿರ ಇರುತ್ತಿದ್ದೆವು. ಎರಡಲ್ಲ, ಐದು ಗಂಟೆ ಉಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಅವನ ಜೊತೆ ಇದ್ದವರು ತಿಮ್ಮರಾಯಪ್ಪ ಮತ್ತು ನಾನು. ಮಿಕ್ಕವರನ್ನು ಊರಿಗೆ ಕಳಿಸಿದೆ. ಒಂದು ಮಧ್ಯಾಹ್ನ ತಿಮ್ಮರಾಯಪ್ಪ ಹೊರಗೆ ಹೋಗಿದ್ದಾಗ ಮುನಿರಾಜುವಿನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಬಂಡೆಯ ಬಳಿ ನೋಡದೇ ಹೋದದ್ದು, ಅವನ ಪಾಲಿನ ಚಹಾ ಕುಡಿದದ್ದು, ಡೈರಿಯಲ್ಲಿ ಬರೆದದ್ದು. ಅವನು ಸೂರು ನೋಡುತ್ತಾ ಕೇಳಿಸಿಕೊಂಡ.

“ನನಗೊಂದು ಮಾತು ಹೇಳಬಾರದಿತ್ತೇನಯ್ಯ? ಹತ್ತು ನಿಮಿಷ ಕೊಡುತ್ತಿರಲಿಲ್ಲವೆ? ಜೊತೆಗೆ ಬಚನ್ ಸಿಂಗನನ್ನೂ ಕಳಿಸುತ್ತಿದ್ದೆ” ಎಂದೆ.

ಅವನು ನನ್ನ ಕಡೆ ತಿರುಗಿದ. ಕೋಪವಿರಲಿಲ್ಲ.

“ಕೊಡ್ತಿರ್ಲಿಲ್ಲ ಸಾರ್.”

ನಿಜ. ಕೊಡುತ್ತಿರಲಿಲ್ಲ. ಅವನು ಕೇಳಿದ್ದ, ನಾನು ಬೇಡವೆಂದಿದ್ದೆ. ಅಂಚು ಪೊಳ್ಳಾಗಿತ್ತು, ಬೇಡವೆಂದದ್ದು ಸರಿಯೇ. ಆದರೆ ತಾಯಿಯ ಗಿಂಡಿ ಹಿಡಿದು ಎರಡು ಸಾವಿರ ಮೈಲಿ ಬಂದವನಿಗೆ ಯಾಕೆ ಬೇಡ, ಯಾವ ಕಡೆಯಿಂದಾದರೆ ಆದೀತು ಎಂದು ಹೇಳುವ ತಾಳ್ಮೆ ನನಗಿರಲಿಲ್ಲ. ಆ ಗಿಂಡಿಯನ್ನು ನಾನೇ ಸಾನಮಾವಿಗೆ ಒಯ್ದು ಅವನ ತಾಯಿಯ ಕೈಗೆ ಕೊಟ್ಟೆ. ಒಂದು ಪಕ್ಕ ಪೂರಾ ಜಜ್ಜಿಹೋಗಿತ್ತು. ಆಕೆ ಅದರೊಳಗೆ ಬೆರಳು ಹಾಕಿ ತಡವಿ ನೋಡಿ, “ನಾನೇ ಕಳಿಸ್ದೆ ಕಣಪ್ಪ, ನಾನೇ” ಎಂದಳು. ಇಲ್ಲ ತಾಯಿ, ನಾನು ಎಂದೆ. ಇಬ್ಬರೂ ಜಗಲಿಯ ಮೇಲೆ ಕೂತು ಅತ್ತೆವು.

ಕಾರ್ಖಾನೆಯಲ್ಲಿ ವಿಚಾರಣೆ ನಡೆಯಿತು. ಬಿಲ್ಲೆ ಹಾಕಿದವನು ಯಾರು ಎಂದು ಬರೆಯಲು ಮ್ಯಾನೇಜರು ನನ್ನ ಮುಂದೆ ಕಾಗದ ಇಟ್ಟರು. ಅದು ಅವರ ಕರ್ತವ್ಯ. ನಾನು ಬರೆದದ್ದು ಇಷ್ಟು: ಎಣಿಕೆಯ ಹೊಣೆ ನನ್ನದು, ನಾನು ಬಿಲ್ಲೆಗಳನ್ನು ಎಣಿಸಿದೆ, ಜನರನ್ನು ಎಣಿಸಲಿಲ್ಲ, ಒಬ್ಬ ಬಂದಿಲ್ಲ ಎಂದು ನನಗೆ ಹೇಳಲು ಗುಂಪಿನವರು ಹೆದರುವಂತೆ ನಡೆದುಕೊಂಡಿದ್ದೆ. ಹೆಸರು ಬರೆಯಲಿಲ್ಲ. ಮ್ಯಾನೇಜರು ಓದಿ ನನ್ನ ಬಡ್ತಿ ತಡೆಯುವ ಶಿಕ್ಷೆ ಹಾಕಿದರು. ಜೊತೆಗೆ ನನ್ನ ಒಂದು ಕೋರಿಕೆಯನ್ನೂ ನಡೆಸಿಕೊಟ್ಟರು. ಮುನಿರಾಜುವನ್ನು ಟೈಮ್ ಆಫೀಸಿಗೆ ಹಾಕಿದರು.

ಕೃತಕ ಕಾಲು ಹಾಕಿಕೊಂಡು ಅವನು ಐದು ವರ್ಷ ನನ್ನ ಎದುರಿನ ಕುರ್ಚಿಯಲ್ಲಿ ಕೂತ. ಬಿಲ್ಲೆ ಹಾಕುವ ಕಿಟಕಿ ಅವನದು. ಬಂದವರೆಲ್ಲ ಮೊದಲು ಅವನಿಗೆ ಮುಖ ತೋರಿಸಬೇಕಾಗಿತ್ತು. ತಿಮ್ಮರಾಯಪ್ಪ ಬಂದರಂತೂ, “ಟೋಪಿ ತೆಗಿ ಬಾವ, ನೀನೇ ಹೌದಾ ನೋಡ್ತೀನಿ” ಎಂದು ರೇಗಿಸುತ್ತಿದ್ದ. ಮೊದಲ ಒಂದು ವರ್ಷ ತಿಮ್ಮರಾಯಪ್ಪ ಆ ಮಾತಿಗೆ ನಗುತ್ತಿರಲಿಲ್ಲ. ಆಮೇಲೆ ನಕ್ಕ. ನಾನು ಬೋರ್ಡಿಗೆ ಬೀಗ ಹಾಕುವುದನ್ನು ಬಿಡಲಿಲ್ಲ, ನಿಯಮ ನಿಯಮವೇ. ಆದರೆ ಬೀಗ ಹಾಕುವ ಮೊದಲು ಖಾಲಿ ಮೊಳೆಗಳ ಮುಂದೆ ನಿಂತು, ಇವನು ಯಾಕೆ ಬಂದಿಲ್ಲ, ಯಾರಿಗಾದರೂ ಗೊತ್ತೆ ಎಂದು ಕೇಳುವ ಅಭ್ಯಾಸ ಮಾಡಿಕೊಂಡೆ. ಮೊದಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ಬರುಬರುತ್ತಾ ಕಿಟಕಿಗೆ ಬಂದು ತಾವಾಗಿಯೇ ಹೇಳತೊಡಗಿದರು: ಅವನಿಗೆ ಜ್ವರ ಸಾರ್, ಅವರಪ್ಪ ಬಿದ್ದುಬಿಟ್ಟವ್ರೆ ಸಾರ್, ರಾಯಕೋಟೆ ಬಸ್ಸು ಕೆಟ್ಟು ನಿಂತೈತೆ ಸಾರ್. ಪ್ರಾಕ್ಸಿ ಹಿಡಿಯುವ ಕೆಲಸ ನನಗೆ ಹೆಚ್ಚುಕಡಿಮೆ ಇಲ್ಲವೇ ಆಯಿತು. ಎಣಿಸುವವನಿಗೆ ಜನ ಹೆದರಿದರೆ ಎಣಿಕೆ ಯಾವಾಗಲೂ ಪೂರ್ತಿಯಾಗಿಯೇ ಕಾಣುತ್ತದೆ. ನನ್ನ ವೃತ್ತಿಯಲ್ಲಿ ನಾನು ಕಲಿತದ್ದು ಇದೊಂದೇ, ಅದೂ ಇನ್ನೊಬ್ಬನ ಕಾಲಿನ ಬೆಲೆಗೆ.

೧೯೮೯ರಲ್ಲಿ ನಾನು ನಿವೃತ್ತನಾದೆ. ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ಹಾರ, ಭಾಷಣ ಎಲ್ಲ ಮುಗಿದು ಚಹಾ ಬಂತು. ನನ್ನ ಮೇಜಿನ ತಟ್ಟೆಯಲ್ಲಿ ಎಲ್ಲರೂ ತೆಗೆದುಕೊಂಡ ಮೇಲೆ ಒಂದು ಲೋಟ ಉಳಿಯಿತು. ಹಂಚುತ್ತಿದ್ದವನು, “ತಗೊಳ್ಳಿ ಸಾರ್, ಜಾಸ್ತಿ ಆಗೈತೆ” ಎಂದು ಅದನ್ನು ನನ್ನ ಕೈಗೆ ಕೊಡಲು ಬಂದ. ನನ್ನ ಕೈ ಮುಂದೆ ಹೋಗಲಿಲ್ಲ. ಯಾರು ಕುಡಿದಿಲ್ಲ ಎಂದು ಕೇಳಿದೆ. ದನಿ ನಾನೆಂದುಕೊಂಡದ್ದಕ್ಕಿಂತ ಜೋರಾಗಿ ಬಂದಿರಬೇಕು, ಸುತ್ತಲಿನವರು ತಿರುಗಿ ನೋಡಿದರು.

ಬಾಗಿಲ ಕಡೆಯಿಂದ ಉತ್ತರ ಬಂತು. ಕಿಟಕಿ ಮುಚ್ಚಿ, ಬೋರ್ಡಿಗೆ ಬೀಗ ಹಾಕಿ ಮುನಿರಾಜು ಆಗಷ್ಟೇ ಒಳಗೆ ಕಾಲಿಟ್ಟಿದ್ದ.

“ಅದು ನಂದು ಸಾರ್! ಕುಡ್ದುಬುಟ್ಟೀರ, ಬತ್ತಾ ಇವ್ನಿ.”

ತಿಮ್ಮರಾಯಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಲೋಟ ಹಿಡಿದು ಎದ್ದು ನಿಂತೆ. ಮುನಿರಾಜು ಮೇಜುಗಳ ನಡುವೆ ಕೋಲೂರಿಕೊಂಡು ನಿಧಾನವಾಗಿ ನಡೆದು ಬರುತ್ತಿದ್ದ. ಅವನು ಬಂದು ತೆಗೆದುಕೊಳ್ಳುವವರೆಗೆ ನಾನು ಕೂರಲಿಲ್ಲ.